ಎತ್ತುವುದು ಬೇರೆ, ಎಳೆಯುವುದು ಬೇರೆ

ಗಾಳ ಹಾಕುವವರ ನಡುವೆ ಡ್ರೋನ್ ಮಾತು ಬಂದರೆ ಮೊದಲ ಪ್ರಶ್ನೆ ಯಾವಾಗಲೂ ಒಂದೇ. ಎಷ್ಟು ದೂರ ಹೋಗುತ್ತೆ? ಎರಡನೆಯದೂ ಗೊತ್ತಿರುವುದೇ. ಎಷ್ಟು ಕೆ.ಜಿ. ಹೊರುತ್ತೆ? ಎರಡಕ್ಕೂ ಉತ್ತರ ಡಬ್ಬದ ಮೇಲೇ ಅಚ್ಚಾಗಿರುತ್ತದೆ. ಹಾಗಾಗಿ ಮಾತು ಬೇಗ ಮುಗಿಯುತ್ತದೆ, ಜನ ಬೇಗ ಕೊಂಡೂ ಬಿಡುತ್ತಾರೆ. ಆಮೇಲೆ ದಡದಲ್ಲಿ ನಿಂತು ತಲೆ ಕೆರೆದುಕೊಳ್ಳುತ್ತಾರೆ. ಒಂದು ಕೆ.ಜಿ. ಹೊರುತ್ತೆ ಅಂದಿದ್ದ ಯಂತ್ರ ಅರ್ಧ ಕೆ.ಜಿ. ಕಟ್ಟಿದರೂ ಅಲೆಗಳ ಆಚೆ ಹೋಗಲಾರದೆ ಒದ್ದಾಡುತ್ತಿರುತ್ತದೆ. ಇದು ಯಾಕೆ ಹೀಗೆ ಅನ್ನುವುದು ನನ್ನನ್ನು ತುಂಬಾ ದಿನ ಕಾಡಿದೆ. ಈಗ ನನಗೆ ಅನ್ನಿಸುವುದು ಇಷ್ಟು: ನಾವೆಲ್ಲ ಮೇಲೆ ಹಾರುವ ಡ್ರೋನನ್ನೇ ನೋಡುತ್ತಾ ನಿಂತಿರುತ್ತೇವೆ, ಅದರ ಹಿಂದೆ ಹೋಗುವ ದಾರದ ಕಡೆ ಕಣ್ಣು ಹಾಯಿಸುವುದೇ ಇಲ್ಲ. ಈ ಆಟದಲ್ಲಿ ಬಹುಪಾಲು ತೀರ್ಮಾನ ಆ ದಾರದ್ದು.

ಗೊತ್ತಿಲ್ಲದವರಿಗೆ ಒಂದು ಮಾತು. ಡ್ರೋನ್ ಮೀನು ಹಿಡಿಯುವುದಿಲ್ಲ. ಎರೆಯನ್ನು ಹೊತ್ತುಕೊಂಡು ಹೋಗಿ, ಅಲೆ ಒಡೆಯುವ ಜಾಗದ ಆಚೆ ಬೀಳಿಸಿ, ಖಾಲಿ ವಾಪಸ್ ಬರುತ್ತದೆ. ಆಮೇಲೆ ಕಾಯುವುದು, ಕಚ್ಚಿದಾಗ ಎಳೆಯುವುದು ಎಲ್ಲ ಕೋಲು, ರೀಲು ಮತ್ತು ನಮ್ಮ ಸೊಂಟದ ಕೆಲಸ. ಕೈಯಿಂದ ಬೀಸಿ ಎಸೆದರೆ, ಎರೆ ಕಟ್ಟಿದ ಗಾಳ ನೂರು ಮೀಟರ್ ಹೋದರೆ ಅದು ಒಳ್ಳೆಯ ಎಸೆತ. ಮೈದಾನದಲ್ಲಿ ಬರೀ ಸೀಸ ಕಟ್ಟಿ ಎಸೆಯುವ ಪಂದ್ಯಗಳಲ್ಲಿ 250 ಮೀಟರ್ ದಾಟಿಸಿದವರಿದ್ದಾರೆ. ಆದರೆ ಅವರಿಗೆ ಎರೆಯ ಚಿಂತೆ ಇಲ್ಲ, ಎದುರು ಅಲೆಯೂ ಇಲ್ಲ. ಡ್ರೋನ್ ಇದ್ದರೆ ಮುನ್ನೂರು, ನಾನೂರು ಮೀಟರ್ ಅನ್ನುವುದು ಮಾಮೂಲಿ ಮಾತಾಗುತ್ತದೆ. ಆಸೆ ಹುಟ್ಟುವುದು ಅಲ್ಲೇ.

ದೂರದ ಹುಚ್ಚು ಹಳೆಯದು

ಎರೆಯನ್ನು ಕೈಗೆಟುಕದ ಕಡೆ ಕಳಿಸುವ ಚಪಲ ಡ್ರೋನಿನ ಜೊತೆ ಹುಟ್ಟಿದ್ದಲ್ಲ. ಪೆಸಿಫಿಕ್ ಸಾಗರದ ಸಾಲೊಮನ್ ದ್ವೀಪಗಳಲ್ಲಿ ಎಲೆಯಿಂದ ಗಾಳಿಪಟ ಮಾಡಿ, ಅದರಿಂದ ಒಂದು ದಾರ ಇಳಿಬಿಟ್ಟು, ತುದಿಗೆ ಜೇಡರ ಬಲೆಯ ಮುದ್ದೆ ಕಟ್ಟಿ ನೀರಿನ ಮೇಲೆ ಕುಣಿಸುವ ಪದ್ಧತಿ ಇದೆ. ಕೊಕ್ಕೆಯೇ ಇಲ್ಲ. ಸೂಜಿಮೂತಿಯ ಉದ್ದನೆಯ ಮೀನೊಂದು ಅದನ್ನು ಕಚ್ಚುತ್ತದೆ, ಅದರ ಸಣ್ಣ ಹಲ್ಲುಗಳು ಜೇಡರ ನೂಲಿಗೆ ಸಿಕ್ಕಿಕೊಳ್ಳುತ್ತವೆ. ಎಂಥ ತಲೆ ಅಲ್ವಾ! ಆಮೇಲೆ ಬಲೂನಿಗೆ ಗಾಳ ಕಟ್ಟಿ ದಡದ ಕಡೆಯಿಂದ ಬೀಸುವ ಗಾಳಿಯಲ್ಲಿ ತೇಲಿಬಿಟ್ಟವರು ಬಂದರು. ಪುಟ್ಟ ದೋಣಿ ಹುಟ್ಟು ಹಾಕಿಕೊಂಡು ಹೋಗಿ ಎರೆ ಬಿಟ್ಟು ಬಂದವರೂ ಇದ್ದಾರೆ. ನ್ಯೂಜಿಲೆಂಡಿನವರು ಕಾನ್‌ಟಿಕಿ ಅಂತ ಒಂದು ತೇಲುವ ಮೋಟಾರು ಯಂತ್ರ ಬಳಸುತ್ತಾರೆ. ಅದು ಸಾಲುಗಟ್ಟಿ ಕೊಕ್ಕೆ ಕಟ್ಟಿದ ಉದ್ದನೆಯ ದಾರವನ್ನು ಸಮುದ್ರದೊಳಕ್ಕೆ ಎಳೆದುಕೊಂಡು ಹೋಗುತ್ತದೆ. ಹವ್ಯಾಸಕ್ಕೆ ಹಿಡಿಯುವವರು ಒಂದು ದಾರಕ್ಕೆ 25 ಕೊಕ್ಕೆಗಿಂತ ಜಾಸ್ತಿ ಕಟ್ಟುವಂತಿಲ್ಲ ಅಂತ ಅಲ್ಲಿ ಕಾನೂನೂ ಇದೆ.

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, "ಡ್ರೋನ್ ಬಂದ ಮೇಲೆ ಗಾಳ ಹಾಕುವುದು ಕೆಟ್ಟುಹೋಯಿತು" ಅನ್ನುವ ಗೊಣಗಾಟ ನನಗೆ ಪೂರ್ತಿ ಒಪ್ಪಿಗೆಯಾಗುವುದಿಲ್ಲ. ಗಾಳಿಪಟ ಕಟ್ಟಿದವನಿಗೂ ಇದೇ ಆಸೆ ಇತ್ತು. ಬೇರೆ ಏನಾಗಿದೆ ಅಂದರೆ, ಅವನು ಗಾಳಿ ಎತ್ತ ಬೀಸುತ್ತದೆ ಅಂತ ನೋಡಿ ಕೆಲಸ ಮಾಡುತ್ತಿದ್ದ. ನಾವು ಗಾಳಿಯ ಎದುರಿಗೇ ಯಂತ್ರ ಕಳಿಸುತ್ತೇವೆ, ಹೋಗಲಿಲ್ಲ ಅಂತ ಕಂಪನಿಯನ್ನು ಬೈಯುತ್ತೇವೆ.

ಗೆಳೆಯನ ಡ್ರೋನ್ ನಿಂತಲ್ಲೇ ನಿಂತ ಹೊತ್ತು

ಒಂದು ಬೆಳಗ್ಗೆ ನೆನಪಿದೆ. ಗೆಳೆಯನೊಬ್ಬ ಹೊಸ ಡ್ರೋನ್ ತಂದಿದ್ದ. ಸಮುದ್ರದ ಕಡೆಯಿಂದ ಓರೆಯಾಗಿ ಗಾಳಿ. ತುಂಬಾ ಜೋರೇನಲ್ಲ, ಟೋಪಿ ಹಾರುವಷ್ಟೂ ಇರಲಿಲ್ಲ. ನನಗೆ ಕೊಟ್ಟ ಕೆಲಸ ರೀಲು ಹಿಡಿಯುವುದು. ರೀಲನ್ನು ಪೂರ್ತಿ ಸಡಿಲ ಬಿಟ್ಟು, ಸುತ್ತುವ ದಾರದ ಉಂಡೆಯ ಮೇಲೆ ಹೆಬ್ಬೆರಳು ಮೆಲ್ಲಗೆ ಒತ್ತಿ ಹಿಡಿಯಬೇಕು. ಒತ್ತದಿದ್ದರೆ ಉಂಡೆ ದಾರಕ್ಕಿಂತ ಜೋರಾಗಿ ತಿರುಗಿ ಎಲ್ಲ ಸಿಕ್ಕಾಗುತ್ತದೆ. ಜಾಸ್ತಿ ಒತ್ತಿದರೆ ಮೇಲಿರುವ ಯಂತ್ರವನ್ನು ನಾವೇ ಹಿಂದಕ್ಕೆಳೆದಂತೆ.

ಮೊದಲ ನೂರು ಮೀಟರ್ ಸಲೀಸಾಗಿ ಹೋಯಿತು. ದಾರ ಹೆಬ್ಬೆರಳ ಕೆಳಗೆ ತಣ್ಣಗೆ, ಒದ್ದೆಯಾಗಿ ಜಾರುತ್ತಿತ್ತು. ನೂರೈವತ್ತರ ಹತ್ತಿರ ಬಂದಾಗ ಅದರ ಸದ್ದು ಬದಲಾಯಿತು. ಗಾಳಿಗೆ ದಾರ ಗುಂಯ್ ಅನ್ನತೊಡಗಿತು. ತಲೆ ಎತ್ತಿ ನೋಡಿದರೆ ದಾರ ನೆಟ್ಟಗಿರಲಿಲ್ಲ. ಎಡಗಡೆಗೆ ದೊಡ್ಡದಾಗಿ ಬಾಗಿ, ಹೊಟ್ಟೆ ಬಿಟ್ಟುಕೊಂಡಿತ್ತು. ಡ್ರೋನ್ ಮೂತಿ ತಗ್ಗಿಸಿ ವಾಲಿಕೊಂಡು ಹೋಗುತ್ತಿತ್ತು. "ಸ್ಪೀಡ್ ಇಳೀತಾ ಇದೆ ಕಣೋ, ಬೆರಳು ಬಿಡೋ" ಅಂದ ಗೆಳೆಯ. ಬೆರಳು ಬಿಟ್ಟೇ ಇತ್ತು. ಇನ್ನೂರರ ಆಸುಪಾಸಿನಲ್ಲಿ ಪರದೆಯ ಮೇಲೆ ವೇಗ ಸೊನ್ನೆಗೆ ಬಂತು. ಯಂತ್ರ ಪೂರ್ತಿ ವಾಲಿಕೊಂಡು, ಮೋಟಾರು ಕಿರುಚುತ್ತಾ, ನಿಂತಲ್ಲೇ ನಿಂತಿತ್ತು. ಅವನು ಬುದ್ಧಿವಂತ. ಮೊಂಡಾಟ ಮಾಡದೆ ಅಲ್ಲೇ ಎರೆ ಬಿಟ್ಟ. ಗಂಟು ಬಿಚ್ಚಿದ ಹಾಗೆ ಡ್ರೋನ್ ಚಂಗನೆ ಮೇಲೆ ನೆಗೆಯಿತು, ದಾರ ನೀರಿನ ಮೇಲೆ ಬಿತ್ತು.

ಹೊರುವ ತೂಕ ಅಂತ ಕಂಪನಿ ಹೇಳುವುದು ನೇರ ಮೇಲಕ್ಕೆ ಎತ್ತುವ ಲೆಕ್ಕ. ಗಾಳ ಹಾಕುವಾಗ ಬೇಕಾಗುವುದು ಮುಂದಕ್ಕೆ ಎಳೆಯುವ ಬಲ. ನಾಲ್ಕು ರೆಕ್ಕೆಯ ಡ್ರೋನಿಗೆ ಮುಂದಕ್ಕೆ ಹೋಗಲು ಬೇರೆ ಮೋಟಾರಿಲ್ಲ, ವಾಲಬೇಕು ಅಷ್ಟೇ. ಎರೆ, ಸೀಸ ಎಲ್ಲ ಸೇರಿ ಒಂದೂವರೆ ಕೆ.ಜಿ. ಇರುವ ಡ್ರೋನ್ 20 ಡಿಗ್ರಿ ವಾಲಿದರೆ ಅದಕ್ಕೆ ಮುಂದಕ್ಕೆ ಸಿಗುವ ಬಲ ಅರ್ಧ ಕೆ.ಜಿ.ಗಿಂತ ತುಸು ಜಾಸ್ತಿ. ಅದರಲ್ಲೇ ಎದುರು ಗಾಳಿಗೆ ಒಂದು ಪಾಲು ಕೊಡಬೇಕು. ಉಳಿದಿದ್ದರಲ್ಲಿ ರೀಲು ತಿರುಗಿಸಬೇಕು, ಕೋಲಿನ ಉಂಗುರಗಳಲ್ಲಿ ಉಜ್ಜುವ ದಾರ ಎಳೆಯಬೇಕು, ಅಲೆಯ ನೊರೆಗೆ ತಾಗಿದ ದಾರವನ್ನು ಬಿಡಿಸಿಕೊಳ್ಳಬೇಕು, ಅಡ್ಡ ಗಾಳಿಗೆ ಉಬ್ಬಿದ ಹೊಟ್ಟೆಯನ್ನೂ ಎಳೆಯಬೇಕು. ದೂರ ಹೋದಷ್ಟೂ ಗಾಳಿಗೆ ಸಿಗುವ ದಾರ ಜಾಸ್ತಿ. ಸಾಲದ್ದಕ್ಕೆ ರೀಲಿನ ಉಂಡೆ ಸಣ್ಣದಾಗುತ್ತಾ ಬಂದ ಹಾಗೆ ಅದನ್ನು ತಿರುಗಿಸಲು ಬೇಕಾದ ಎಳೆತವೂ ಏರುತ್ತದೆ. ಎತ್ತುವ ತಾಕತ್ತು ಇನ್ನೂ ಬೇಕಾದಷ್ಟು ಉಳಿದಿರುತ್ತದೆ, ಆದರೆ ಎಳೆಯುವ ತಾಕತ್ತು ಮುಗಿದಿರುತ್ತದೆ. ಗೆಳೆಯನ ಡ್ರೋನ್ ನಿಂತಿದ್ದು ಅದಕ್ಕೆ.

ಹಾಗಾಗಿ ಡ್ರೋನ್ ಸಾಲದು ಅನ್ನಿಸಿದಾಗ ಮೊದಲು ಬದಲಿಸಬೇಕಾದದ್ದು ದಾರ. ದಪ್ಪ ನೈಲಾನ್ ತಂಗೂಸಿಯ ಬದಲು ಅಷ್ಟೇ ಗಟ್ಟಿ ಇರುವ ಹೆಣೆದ ದಾರ ಹಾಕಿದರೆ ದಪ್ಪ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಗಾಳಿಯ ಹಿಡಿತವೂ ಅಷ್ಟೇ ಇಳಿಯುತ್ತದೆ. ಗೆಳೆಯ ಮುಂದಿನ ಸಲ ಬಂದಾಗ ಅದನ್ನೇ ಮಾಡಿದ್ದ. ಅದೇ ಡ್ರೋನ್, ಹೆಚ್ಚುಕಡಿಮೆ ಅದೇ ಗಾಳಿ. ಮುನ್ನೂರು ಮೀಟರ್ ಹೋಗಿ ಬಂತು. ತುದಿಗೆ ಮಾತ್ರ ಕೆಲವು ಮೀಟರ್ ದಪ್ಪ ನೈಲಾನ್ ಬೇಕೇ ಬೇಕು, ಕಲ್ಲು ಚಿಪ್ಪಿಗೆ ಉಜ್ಜಿದರೆ ಹೆಣೆದ ದಾರ ಬೇಗ ಹರಿಯುತ್ತದೆ. ಬೆರಳಿಗೂ ಗ್ಲೌಸ್ ಹಾಕಿ. ಓಡುವ ಹೆಣೆದ ದಾರ ಚರ್ಮ ಕೊಯ್ಯುತ್ತದೆ.

ಕೆಳಗೆ ತೂಗುವ ಎರೆ

ಎರೆಯನ್ನು ಡ್ರೋನಿಗೆ ಅಂಟಿಸಿದ ಹಾಗೆ ಹತ್ತಿರ ಕಟ್ಟುವುದೋ, ಉದ್ದಕ್ಕೆ ಇಳಿಬಿಡುವುದೋ? ಇದು ಜಗಳದ ವಿಷಯ. ಹತ್ತಿರ ಕಟ್ಟಿದರೆ ರೆಕ್ಕೆಗೆ ಕೊಕ್ಕೆ ತಾಗುವ ಭಯ, ಜೊತೆಗೆ ಹೊಟ್ಟೆಯ ಕೆಳಗಿರುವ ಸೆನ್ಸರುಗಳ ಕಾಟ. ಮಾಮೂಲಿ ಕ್ಯಾಮೆರಾ ಡ್ರೋನುಗಳು ನೆಲ ಎಷ್ಟು ಕೆಳಗಿದೆ ಅಂತ ಆ ಸೆನ್ಸರಿನಿಂದ ನೋಡುತ್ತವೆ. ಒಂದು ಬಂಗುಡೆ ಅಲ್ಲಿ ನೇತಾಡುತ್ತಿದ್ದರೆ ಅದನ್ನೇ ನೆಲ ಅಂದುಕೊಂಡು ಇಳಿಯಲು ಹೊರಡಬಹುದು, ಅಥವಾ ಇಳಿಸಬೇಕಾದಾಗ ಇಳಿಯದೇ ಇರಬಹುದು. ಅಲೆಯಾಡುವ ನೀರಿನ ಮೇಲಂತೂ ಆ ಸೆನ್ಸರುಗಳಿಗೆ ನೆಲೆಯೇ ಸಿಗುವುದಿಲ್ಲ, ಕೆಳಗಿನ ಚಿತ್ರ ಸದಾ ಓಡುತ್ತಿರುತ್ತದೆ. ಸೆಟ್ಟಿಂಗಿನಲ್ಲಿ ಆರಿಸಲು ಬಂದರೆ ಆರಿಸಬೇಕು. ಜಿಪಿಎಸ್ ಗಟ್ಟಿಯಾಗಿ ಸಿಕ್ಕ ಮೇಲೇ ಏರಿಸಬೇಕು.

ಉದ್ದಕ್ಕೆ ಇಳಿಬಿಟ್ಟರೆ ಎರೆ ಲೋಲಕದ ಹಾಗೆ ತೂಗುತ್ತದೆ. ಒಂದು ಮೀಟರ್ ಉದ್ದದ ದಾರದಲ್ಲಿ ಹೋಗಿ ಬರಲು ಎರಡು ಸೆಕೆಂಡ್, ಐದು ಮೀಟರಿನಲ್ಲಿ ನಾಲ್ಕೂವರೆ ಸೆಕೆಂಡ್. ಗಿಡ್ಡ ದಾರದ ತೂಗಾಟ ಬೇಗ ಬೇಗ ಬಂದು ಡ್ರೋನನ್ನು ಅಲ್ಲಾಡಿಸುತ್ತದೆ. ಉದ್ದ ದಾರದ್ದು ನಿಧಾನ, ಅದರ ಜೊತೆ ಹೊಂದಿಕೊಂಡು ಹಾರಿಸಬಹುದು. ಆದರೆ ಉದ್ದ ಮಾಡಿದರೆ ಏರಿಸುವಾಗ ಎರೆ ಮರಳಿನಲ್ಲಿ ಎಳೆದಾಡುತ್ತದೆ, ಅಲೆಯ ತಲೆಗೆ ತಾಗುತ್ತದೆ. ನನ್ನ ಮನಸ್ಸು ಎರಡು ಮೂರು ಮೀಟರಿನ ಕಡೆ. ಕೋಲಿನ ಮೇಲೆ ಹದ್ದಿನ ಕಣ್ಣಿಟ್ಟು, ಮೊದಲು ನೇರ ಮೇಲಕ್ಕೆ, ಆಮೇಲೆ ಮೆಲ್ಲಗೆ ಮುಂದಕ್ಕೆ. ಧಡಕ್ಕನೆ ಹೊರಟು ಧಡಕ್ಕನೆ ನಿಲ್ಲಿಸಿದರೆ ತೂಗಾಟ ಶುರುವಾಗುವುದೇ ಆಗ.

ಎರೆ ಬಿಡುವ ಕ್ಲಿಪ್ಪಿನಲ್ಲಿ ಎರಡು ಬಗೆ. ಒಂದು, ರಿಮೋಟಿನ ಗುಂಡಿ ಒತ್ತಿದರೆ ಪುಟ್ಟ ಮೋಟಾರು ತೆರೆಯುವುದು. ಇನ್ನೊಂದು, ಎಳೆತಕ್ಕೆ ತಾನೇ ಬಿಡುವುದು. ರೀಲು ಲಾಕ್ ಮಾಡಿ ಡ್ರೋನನ್ನು ಸ್ವಲ್ಪ ಮುಂದೆ ನೂಕಿದರೆ ದಾರ ಕಿತ್ತು ಬರುತ್ತದೆ. ಗುಂಡಿಯದ್ದು ಅಚ್ಚುಕಟ್ಟು. ಆದರೆ ಉಪ್ಪು ನೀರು ಕುಡಿದು ಅದು ತೆರೆಯದೇ ಹೋದರೆ ಏನು ಗತಿ? ಅದಕ್ಕೇ ಗುಂಡಿಯ ಕ್ಲಿಪ್ ಇದ್ದರೂ ನಡುವೆ ಒಂದು ಬಡಕಲು ದಾರ ಕಟ್ಟುವುದು ಜಾಣತನ. ಜೋರು ಎಳೆತ ಬಂದರೆ ಮೊದಲು ಹರಿಯಬೇಕಾದದ್ದು ಅದು. ದೊಡ್ಡ ಮೀನೊಂದು ಎರೆ ನೀರು ಮುಟ್ಟಿದ ತಕ್ಷಣ, ಕ್ಲಿಪ್ ತೆರೆಯುವ ಮೊದಲೇ ನುಂಗಿದರೆ ಡ್ರೋನ್ ನೀರು ಪಾಲು. ರೀಲಿನ ಡ್ರ್ಯಾಗ್, ಅಂದರೆ ದಾರ ಎಷ್ಟು ಎಳೆತಕ್ಕೆ ಬಿಚ್ಚಿಕೊಳ್ಳಬೇಕು ಅಂತ ಹಿಡಿತದಲ್ಲಿಡುವ ಬ್ರೇಕು, ಅದನ್ನೂ ಆ ಹೊತ್ತಿನಲ್ಲಿ ಬಿಗಿ ಮಾಡಬಾರದು. ಎರೆ ಬಿದ್ದು, ಡ್ರೋನ್ ದೂರ ಸರಿದ ಮೇಲೆ ಬಿಗಿ ಮಾಡಿಕೊಂಡರಾಯಿತು.

ಯಾವುದು ಕೊಳ್ಳಬೇಕು ಅಂತ ಕೇಳುವವರಿಗೆ

ಮಾರುಕಟ್ಟೆಯಲ್ಲಿ ದಾರಿ ಎರಡೇ. ನೀರಿಗೆ ಬಿದ್ದರೂ ತೇಲುವ, ಇದಕ್ಕೆಂದೇ ಮಾಡಿದ ಡ್ರೋನ್ ಒಂದು. ಕೈಯಲ್ಲಿರುವ ಕ್ಯಾಮೆರಾ ಡ್ರೋನಿಗೆ ಹೊರಗಿನ ಕ್ಲಿಪ್ ಸಿಕ್ಕಿಸಿಕೊಳ್ಳುವುದು ಇನ್ನೊಂದು. ಮೊದಲನೆಯದಕ್ಕೆ ಸ್ವೆಲ್‌ಪ್ರೋ ಕಂಪನಿಯ ಸ್ಪ್ಲಾಶ್‌ಡ್ರೋನ್ 4 ಒಳ್ಳೆಯ ಉದಾಹರಣೆ. ನೀರು ತಡೆಯುವುದರಲ್ಲಿ ಐಪಿ67 ದರ್ಜೆ, 2 ಕೆ.ಜಿ.ವರೆಗೆ ಹೊರುವ ಸಾಮರ್ಥ್ಯ ಅಂತ ಕಂಪನಿ ಹೇಳುತ್ತದೆ. ಎರಡನೆಯದಕ್ಕೆ ಡಿಜೆಐ ಕಂಪನಿಯ ಫ್ಯಾಂಟಮ್ ಸರಣಿ ಬಹಳ ಕಾಲ ಎಲ್ಲರ ಮೆಚ್ಚಿನದಾಗಿತ್ತು. ಫ್ಯಾಂಟಮ್ 4ರ ತೂಕ ಸುಮಾರು 1,380 ಗ್ರಾಂ, ಎತ್ತರದ ಕಾಲುಗಳು, ಕ್ಲಿಪ್ ಕಟ್ಟಲು ಸುಲಭ. ಮಡಚುವ ಪುಟ್ಟ ಡ್ರೋನುಗಳು ಬಂದ ಮೇಲೆ ಜನ ಅವಕ್ಕೂ ಗಾಳ ಕಟ್ಟತೊಡಗಿದರು. 249 ಗ್ರಾಮಿನ ಮಿನಿ ಡ್ರೋನಿಗೆ ಎರೆ, ಸೀಸ, ದಾರ ಕಟ್ಟುವುದು ಮಾತ್ರ ನನ್ನ ಪ್ರಕಾರ ಆ ಯಂತ್ರಕ್ಕೆ ಮಾಡುವ ಅನ್ಯಾಯ. ಕೊನೆಗೆ ಉಳಿಯುವುದು ರಿಮೋಟ್ ಅಷ್ಟೇ.

ವಾಟರ್‌ಪ್ರೂಫ್ ಅಂದ ಕೂಡಲೇ ನೆಮ್ಮದಿಯಿಂದ ಕೂರಬೇಡಿ. ಐಪಿ67 ಅಂದರೆ ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ ತಡೆಯುತ್ತದೆ ಅಂತ. ಆ ಪರೀಕ್ಷೆ ಸಿಹಿನೀರಿನದು, ನಿಂತ ನೀರಿನದು. ಸಮುದ್ರದ ಉಪ್ಪು ಬೇರೆಯೇ ಜಾತಿ. ಇಂಥ ಮೋಟಾರಿಗೆ ನೀರು ಬಿದ್ದರೆ ತಕ್ಷಣ ಏನೂ ಆಗುವುದಿಲ್ಲ, ಆದರೆ ಉಪ್ಪು ಒಣಗಿದ ಮೇಲೆ ಬೇರಿಂಗು ತುಕ್ಕು ಹಿಡಿಯುತ್ತದೆ. ಮುಚ್ಚಳದ ರಬ್ಬರ್ ಉಂಗುರದ ಮೇಲೆ ಒಂದು ಮರಳಿನ ಕಣ ಕೂತರೂ ಸಾಕು, ನೀರು ಒಳಗೆ. ಪ್ರತಿ ಸಲ ಮುಚ್ಚುವ ಮೊದಲು ಆ ಉಂಗುರವನ್ನು ಬೆರಳಿನಿಂದ ಸವರಿ ನೋಡಬೇಕು. ಮನೆಗೆ ಬಂದ ಮೇಲೆ ಸಿಹಿನೀರು. ವಾಟರ್‌ಪ್ರೂಫ್ ಆದರೆ ತೊಳೆಯುವುದು, ಅಲ್ಲದಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸುವುದು. ಏರಿಸಲು ಇಳಿಸಲು ಒಂದು ಚಾಪೆಯೋ ಹಲಗೆಯೋ ಇರಲಿ. ಮೋಟಾರಿನೊಳಗೆ ಅಯಸ್ಕಾಂತ ಇದೆ, ಮರಳಿನಲ್ಲಿರುವ ಕಪ್ಪು ಕಬ್ಬಿಣದ ಕಣಗಳು ಅದಕ್ಕೆ ಅಂಟಿಕೊಂಡರೆ ತೆಗೆಯುವುದು ದೊಡ್ಡ ಗೋಳು.

ಬ್ಯಾಟರಿ ವಿಷಯದಲ್ಲಿ ನಾನು ಸ್ವಲ್ಪ ಪುಕ್ಕಲ. ಡಬ್ಬದ ಮೇಲೆ ಮೂವತ್ತು ನಿಮಿಷ ಅಂತಿದ್ದರೆ ಅದು ಹೊರೆ ಇಲ್ಲದ, ಗಾಳಿ ಇಲ್ಲದ ಲೆಕ್ಕ. ದಾರ ಎಳೆಯುವಾಗ ಅರ್ಧಕ್ಕೆ ಬಂದರೂ ಆಶ್ಚರ್ಯ ಇಲ್ಲ. ಅದಕ್ಕಿಂತ ಮೋಸದ್ದು ಬೆನ್ನ ಹಿಂದಿನ ಗಾಳಿ. ದಡದಿಂದ ಸಮುದ್ರದ ಕಡೆ ಬೀಸುವಾಗ ಹೋಗುವುದು ಬಹಳ ಸಲೀಸು, ಎಲ್ಲ ಚೆನ್ನಾಗಿದೆ ಅನ್ನಿಸುತ್ತದೆ. ವಾಪಸ್ ಬರುವಾಗಲೇ ಗೊತ್ತಾಗುವುದು. ಎದುರು ಗಾಳಿಯಲ್ಲಿ ಹೋಗಿ ಅದರ ಜೊತೆ ಬರುವುದು ಕಷ್ಟವಾದರೂ ಕ್ಷೇಮ. ಬ್ಯಾಟರಿ ಇಳಿದಾಗ ತಾನೇ ಮನೆಗೆ ಮರಳುವ ಸೌಲಭ್ಯ ಒಳ್ಳೆಯದೇ. ಆದರೆ ಗಾಳ ಕಟ್ಟಿರುವಾಗಲೇ ಅದು ಶುರುವಾದರೆ ಯಂತ್ರ ಮೊದಲು ಮೇಲಕ್ಕೇರಿ, ದಾರ ಸಮೇತ ನಮ್ಮ ತಲೆಯ ಮೇಲೆ ಬರುತ್ತದೆ. ಅದಕ್ಕೆ ಮುಂಚೆಯೇ ಎರೆ ಬಿಡುವುದು ಕ್ಷೇಮ.

ನಾನೂರು ಮೀಟರ್ ಆಚೆ ಬಿಟ್ಟ ಮೇಲೆ

ಡ್ರೋನ್ ಸುರಕ್ಷಿತವಾಗಿ ಬಂತು, ಎರೆ ಬಿತ್ತು. ಕೆಲಸ ಮುಗಿಯಿತು ಅಂದುಕೊಳ್ಳುತ್ತೇವೆ. ದಾರದ ನಿಜವಾದ ಆಟ ಶುರುವಾಗುವುದು ಆಗಲೇ. ಸುಮ್ನೆ ಒಂದು ಲೆಕ್ಕ ಹಾಕಿ ನೋಡಿದೆ. 0.4 ಮಿಲಿಮೀಟರ್ ದಪ್ಪದ ದಾರ 400 ಮೀಟರ್ ನೀರಿನಲ್ಲಿದೆ ಅನ್ನೋಣ. ಅದಕ್ಕೆ ಅಡ್ಡಲಾಗಿ ಸೆಕೆಂಡಿಗೆ ಅರ್ಧ ಮೀಟರ್ ವೇಗದ ಸೆಳೆತ. ಇದೇನು ದೊಡ್ಡ ಸೆಳೆತ ಅಲ್ಲ, ನಿಧಾನ ನಡಿಗೆಗಿಂತ ಕಮ್ಮಿ. ಆದರೂ ದಾರದ ಮೇಲೆ ಬೀಳುವ ಒಟ್ಟು ಒತ್ತಡ ಎರಡು ಕೆ.ಜಿ.ಗಿಂತ ಜಾಸ್ತಿ. 200 ಗ್ರಾಂ ಸೀಸ ಅದನ್ನು ತಡೆದು ನಿಲ್ಲುತ್ತದೆಯೇ? ಮರಳಿನಲ್ಲಿ ಕಚ್ಚಿಕೊಳ್ಳುವ ಮುಳ್ಳಿನ ಸೀಸ ಹಾಕಿದರೂ ಸಾಕಾಗದ ದಿನಗಳಿವೆ. ದಾರ ಮೆಲ್ಲಗೆ ಪಕ್ಕಕ್ಕೆ ಸರಿದು, ಬಿಲ್ಲಿನಂತೆ ಬಾಗಿ, ಪಕ್ಕದವರ ಗಾಳಗಳನ್ನೆಲ್ಲ ಸುತ್ತಿಕೊಂಡು ಬರುತ್ತದೆ. ದಡದಲ್ಲಿ ಜಗಳ ಆಗುವುದು ಬಹುತೇಕ ಇದಕ್ಕೇ.

ಮೀನು ಕಚ್ಚಿದರೂ ಅಷ್ಟು ದೂರದಿಂದ ಜಗ್ಗಿ ಕೊಕ್ಕೆ ನಾಟಿಸುವುದು ಆಗದ ಮಾತು. ನೈಲಾನ್ ರಬ್ಬರಿನಂತೆ ಹಿಗ್ಗುತ್ತದೆ. ನಾವು ಇಲ್ಲಿ ಕೋಲು ಎತ್ತಿದ ಸುದ್ದಿ ಅಲ್ಲಿಗೆ ತಲುಪುವುದೇ ಇಲ್ಲ. ಹಾಗಾಗಿ ಇಲ್ಲಿ ಸರ್ಕಲ್ ಕೊಕ್ಕೆಯೇ ಸರಿ. ಒಳಕ್ಕೆ ಬಾಗಿದ ಮೊನೆಯ ಕೊಕ್ಕೆ ಅದು. ಮೀನು ಎರೆ ನುಂಗಿ ತಿರುಗಿ ಹೊರಟಾಗ ತಾನಾಗಿ ಬಾಯಿಯ ಮೂಲೆಗೆ ಸಿಕ್ಕಿಕೊಳ್ಳುತ್ತದೆ. ಹೊಟ್ಟೆಯೊಳಗೆ ಸಿಕ್ಕುವುದು ಕಮ್ಮಿ, ಹಾಗಾಗಿ ಬಿಡಬೇಕಾದ ಮೀನನ್ನು ಜೀವಂತ ಬಿಡಲೂ ಅನುಕೂಲ.

ನನಗೆ ಇರುಸುಮುರುಸಾಗುವುದು ಆಮೇಲಿನ ಹೊತ್ತಿನಲ್ಲಿ. ನೂರು ಮೀಟರಿನಿಂದ ಎಳೆದು ತಂದ ಮೀನಿಗೂ, ನಾನೂರು ಮೀಟರಿನಿಂದ ತಂದ ಮೀನಿಗೂ ವ್ಯತ್ಯಾಸ ಇದೆ. ಎರಡನೆಯದು ದಡಕ್ಕೆ ಬರುವ ಹೊತ್ತಿಗೆ ಸುಸ್ತಾಗಿ ಹೋಗಿರುತ್ತದೆ. ಫೋಟೋ ತೆಗೆದು ಬಿಟ್ಟೆವು ಅಂತ ಸಮಾಧಾನ ಪಟ್ಟುಕೊಳ್ಳುತ್ತೇವೆ, ಆದರೆ ಅಷ್ಟು ದಣಿದ ಮೀನು ಬದುಕುತ್ತದೆ ಅಂತ ಹೇಳುವ ಧೈರ್ಯ ನನಗಿಲ್ಲ. ದಾರಿಯಲ್ಲೇ ಶಾರ್ಕ್ ಬಂದು ಅರ್ಧ ಕಿತ್ತುಕೊಂಡು ಹೋಗುವುದೂ ಉಂಟು. ಇನ್ನು ದಾರ ಕಲ್ಲಿಗೆ ಸಿಕ್ಕಿ ದಡದ ಹತ್ತಿರವೇ ಹರಿದರೆ, ಕಳೆದುಹೋಗುವುದು ಒಂದು ಕೊಕ್ಕೆ ಮಾತ್ರ ಅಲ್ಲ, ನೂರಾರು ಮೀಟರ್ ಪ್ಲಾಸ್ಟಿಕ್. ಅದು ವರ್ಷಗಟ್ಟಲೆ ಅಲ್ಲೇ ಇರುತ್ತದೆ, ಆಮೆಗೋ ಹಕ್ಕಿಗೋ ಸುತ್ತಿಕೊಳ್ಳುತ್ತದೆ. ಬ್ಯಾಟರಿ ಎಷ್ಟಿದೆ ಅಂತ ಕೇಳುವ ನಾವು ತಳದಲ್ಲಿ ಕಲ್ಲಿದೆಯಾ ಅಂತ ಕೇಳುವುದಿಲ್ಲ.

ದಾರ ಕಟ್ಟದೇ ಹಾರಿಸಿದರೆ

ನಮ್ಮ ಚಿಕ್ಕಪ್ಪನಿಗೆ ಬಲಗೈ ಭುಜದ ಆಪರೇಷನ್ ಆಗಿದೆ. ಕೈ ತಲೆಯ ಮೇಲೆ ಏಳುವುದಿಲ್ಲ. ಬೀಸಿ ಎಸೆಯುವುದು ಅವರ ಪಾಲಿಗೆ ಮುಗಿದ ಕತೆ. ಅವರೊಂದು ಡ್ರೋನ್ ತೆಗೆದುಕೊಂಡಾಗ ನಾನು ಒಳಗೊಳಗೇ ಮೂಗು ಮುರಿದಿದ್ದೆ. ಅವರ ಜೊತೆ ದಡಕ್ಕೆ ಹೋದಾಗ ಕಂಡಿದ್ದೇ ಬೇರೆ. ಅವರು ಬಂದ ಕೂಡಲೇ ಎರೆ ಕಟ್ಟಲಿಲ್ಲ. ಇಳಿತದ ಹೊತ್ತು, ಬಿಸಿಲು ಸಾಕಷ್ಟು ಮೇಲೇರಿತ್ತು. ಬರೀ ಡ್ರೋನ್ ಏರಿಸಿ, ಕ್ಯಾಮೆರಾ ನೇರ ಕೆಳಕ್ಕೆ ತಿರುಗಿಸಿ, ದಡದ ಉದ್ದಕ್ಕೂ ಮೆಲ್ಲಗೆ ಹಾರಿಸಿದರು. ಲೆನ್ಸಿಗೆ ನೀರಿನ ಹೊಳಪು ತೆಗೆಯುವ ಪೋಲರೈಸಿಂಗ್ ಫಿಲ್ಟರ್ ಹಾಕಿದ್ದರು. ಅದಿಲ್ಲದಿದ್ದರೆ ಕಾಣುವುದು ಬರೀ ಬೆಳ್ಳಿಯ ತಗಡು.

"ಇಲ್ನೋಡೋ" ಅಂತ ಪರದೆ ನನ್ನ ಕಡೆ ತಿರುಗಿಸಿದರು. ದಡದಿಂದ ನೋಡಿದರೆ ಒಂದೇ ಬಣ್ಣದ ನೀರು. ಮೇಲಿನಿಂದ ಅದರಲ್ಲಿ ಒಂದು ಕಪ್ಪು ಪಟ್ಟೆ ಕಾಣುತ್ತಿತ್ತು. ಮೊದಲ ಅಲೆ ಒಡೆಯುವ ಸಾಲಿಗೂ ದಡಕ್ಕೂ ನಡುವೆ ಆಳದ ಕಾಲುವೆ. ಆಚೆಗೆ ತಿಳಿ ಹಸಿರು, ಅದು ಮರಳು ದಿಬ್ಬ. ದಿಬ್ಬ ಒಂದು ಕಡೆ ಕಡಿದಿತ್ತು, ಅಲ್ಲಿಂದ ನೀರು ಸಮುದ್ರಕ್ಕೆ ವಾಪಸ್ ಹೋಗುವ ಸೆಳೆತದ ದಾರಿ, ನೊರೆ ಹರಡಿ ಮಸುಕಾಗಿತ್ತು. ಕಾಲುವೆಯೊಳಗೆ ಸಣ್ಣ ಮೀನಿನ ಹಿಂಡೊಂದು ಮೋಡದ ನೆರಳಿನಂತೆ ಸರಿಯುತ್ತಿತ್ತು. ಒಮ್ಮೆ ಆ ನೆರಳು ನಡುವೆ ಸೀಳಿ ಎರಡಾಯಿತು, ಮತ್ತೆ ಕೂಡಿತು. "ಹಿಂದೆ ದೊಡ್ಡದು ಬಿದ್ದಿದೆ" ಅಂದರು ಚಿಕ್ಕಪ್ಪ. "ಎಷ್ಟು ದೂರ ಇದೆ ಚಿಕ್ಕಪ್ಪ?" ಅಂತ ಕೇಳಿದೆ. "ನಿನ್ ಕಾಲ ಹತ್ರಾನೇ ಇದೆ. ನಲವತ್ತು ಮೀಟರ್ ಇರಬೋದು." ಆಮೇಲೆ ಡ್ರೋನ್ ಇಳಿಸಿ, ಎರೆ ಕಟ್ಟಿ, ದಿಬ್ಬ ಕಡಿದ ಜಾಗದ ಅಂಚಿಗೆ ಬಿಟ್ಟು ಬಂದರು. ನಾನು ಅಲ್ಲಿಗೆ ಕೈಯಲ್ಲೇ ಎಸೆಯಬಹುದಿತ್ತು. ಅವರಿಂದ ಆಗುತ್ತಿರಲಿಲ್ಲ, ಅವರು ಡ್ರೋನಿನಿಂದ ಹಾಕಿದರು. ಅದರಲ್ಲಿ ನನಗೆ ಯಾವ ಮೋಸವೂ ಕಾಣಲಿಲ್ಲ.

ಅಂದಿನಿಂದ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ದಡದ ಮೀನು ಎಷ್ಟೋ ಸಲ ಹತ್ತಿರದ ಕಾಲುವೆಯಲ್ಲೇ ಮೇಯುತ್ತಿರುತ್ತದೆ. ಸಣ್ಣ ಮೀನು, ಏಡಿ, ಹುಳು ಎಲ್ಲ ಅಲೆ ಕಲಕುವ ಜಾಗದಲ್ಲೇ ಇರುವಾಗ ದೊಡ್ಡದು ಇನ್ನೆಲ್ಲಿ ಹೋದೀತು? ಮುನ್ನೂರು ಮೀಟರ್ ಆಚೆ ಕಳಿಸಿದ ಎರೆ ಅದರ ತಲೆಯ ಮೇಲಿಂದ ಹಾರಿಹೋಗಿರುತ್ತದೆ. ಆಳದ ಅಂಚು ದೂರದಲ್ಲಿದ್ದರೆ, ದೊಡ್ಡ ಮೀನು ಅಲ್ಲೇ ಓಡಾಡುತ್ತಿದ್ದರೆ ದೂರ ಹೋಗಲೇಬೇಕು, ಒಪ್ಪುತ್ತೇನೆ. ಆದರೆ ಅದು ನೋಡಿ ತೀರ್ಮಾನ ಮಾಡುವ ವಿಷಯ. ಹಾಗಾಗಿ ಕೊಳ್ಳುವವರಿಗೆ ನಾನು ಹೇಳುವುದು: ಹೊರುವ ತೂಕಕ್ಕಿಂತ ಮೊದಲು ಕ್ಯಾಮೆರಾ ನೋಡಿ, ಅದು ನೇರ ಕೆಳಕ್ಕೆ ತಿರುಗುತ್ತದೆಯೇ ನೋಡಿ, ಬಿಸಿಲಿನಲ್ಲಿ ಪರದೆ ಕಾಣುತ್ತದೆಯೇ ನೋಡಿ.

ಕಾನೂನು ಎಲ್ಲಿ ಗೆರೆ ಎಳೆದಿದೆ

ಹಾರಿಸುವ ಕಾನೂನು ಬಹಳ ಕಡೆ ಒಂದೇ ತರಹ. ಅಮೆರಿಕ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಎಲ್ಲ ಕಡೆ ಸುಮಾರು 120 ಮೀಟರಿಗಿಂತ ಮೇಲೆ ಹೋಗುವಂತಿಲ್ಲ, ಯಂತ್ರ ಬರಿಗಣ್ಣಿಗೆ ಕಾಣುತ್ತಿರಬೇಕು. ನಾನೂರು ಮೀಟರ್ ದೂರದ ಬಿಳಿ ಡ್ರೋನ್ ಬಿಳಿ ಆಕಾಶದಲ್ಲಿ ಬರಿಗಣ್ಣಿಗೆ ಕಾಣುತ್ತಾ? ಪ್ರಾಮಾಣಿಕವಾಗಿ ಹೇಳಿದರೆ, ಕಷ್ಟ.

ಮೀನು ಹಿಡಿಯುವ ಕಾನೂನು ಮಾತ್ರ ಒಂದೊಂದು ಕಡೆ ಒಂದೊಂದು. ದಕ್ಷಿಣ ಆಫ್ರಿಕಾದ್ದು ಬಹಳ ಕಠಿಣ. ದಡದಿಂದ ಡ್ರೋನ್ ಗಾಳ ಹಾಕುವುದು ಅಲ್ಲಿ ಬಹಳ ಜನಪ್ರಿಯವಾಗಿತ್ತು, ಕ್ಲಿಪ್ ಮತ್ತು ಡ್ರೋನ್ ತಯಾರಿಸುವ ಕಂಪನಿಗಳೂ ಹುಟ್ಟಿಕೊಂಡಿದ್ದವು. 2022ರಲ್ಲಿ ಸರ್ಕಾರ ಪ್ರಕಟಣೆ ಹೊರಡಿಸಿ, ಎರೆ ಹೊರುವ ಡ್ರೋನ್, ರಿಮೋಟ್ ದೋಣಿ, ಕರೆಂಟಿನ ರೀಲು ಇವೆಲ್ಲ ಕಾನೂನಿಗೆ ವಿರುದ್ಧ ಅಂದಿತು. ಹವ್ಯಾಸದ ಗಾಳ ಅಂದರೆ ಕೋಲು, ರೀಲು, ದಾರವನ್ನು ಕೈಯಿಂದ ನಡೆಸುವುದು ಅಂತ ಅಲ್ಲಿನ ನಿಯಮ ಮೊದಲಿನಿಂದಲೂ ಹೇಳುತ್ತಿತ್ತು. ತಯಾರಕರು ಕೋರ್ಟಿಗೆ ಹೋದರು. ಹೈಕೋರ್ಟ್ ಅದೇ ವರ್ಷ ಅವರ ಅರ್ಜಿ ತಳ್ಳಿಹಾಕಿತು. ಅಮೆರಿಕದ ಒರೆಗಾನ್ ರಾಜ್ಯದಲ್ಲೂ ಮೀನು ಹಿಡಿಯಲು ಡ್ರೋನ್ ಬಳಸುವಂತಿಲ್ಲ. ಇದು ಹವ್ಯಾಸಿಗಳ ಕತೆಯಷ್ಟೇ ಅಲ್ಲ. ಹಿಂದೂ ಮಹಾಸಾಗರ ಟ್ಯೂನಾ ಆಯೋಗ 2016ರಲ್ಲೇ ದೊಡ್ಡ ಮೀನುಗಾರಿಕೆ ಹಡಗುಗಳಿಗೆ ವಿಮಾನ, ಡ್ರೋನ್ ಎರಡನ್ನೂ ಮೀನು ಹುಡುಕಲು ಬಳಸಬಾರದು ಅಂತ ನಿರ್ಣಯ ಮಾಡಿತು. ಅಲ್ಲಿ ನಿಷೇಧ ಆಗಿದ್ದು ನೋಟಕ್ಕೆ, ದಕ್ಷಿಣ ಆಫ್ರಿಕಾದಲ್ಲಿ ಆಗಿದ್ದು ಹೊರುವುದಕ್ಕೆ. ನನಗೆ ಇದು ಕುತೂಹಲದ ವಿಷಯ. ದೊಡ್ಡ ಬಲೆ ಕೈಯಲ್ಲಿರುವವನಿಗೆ ಕಣ್ಣು ಕೊಟ್ಟರೆ ಅಪಾಯ, ಒಂದೇ ಕೊಕ್ಕೆ ಇರುವವನಿಗೆ ಉದ್ದ ಕೈ ಕೊಟ್ಟರೆ ಅಪಾಯ.

ಚಿಕ್ಕಪ್ಪನಿಗೆ ಈ ದಕ್ಷಿಣ ಆಫ್ರಿಕಾದ ವಿಷಯ ಹೇಳಿದಾಗ ಅವರಿಗೆ ಸಿಟ್ಟು ಬಂತು. "ಭುಜ ಹೋದವನು ಗಾಳಾನೇ ಹಾಕಬಾರದಾ ಹಾಗಾದ್ರೆ?" ಅಂದರು. ಅವರ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ಆದರೆ ಆ ಕಾನೂನು ಮಾಡಿದವರ ತಲೆನೋವೂ ಅರ್ಥವಾಗುತ್ತದೆ. ದಡದಲ್ಲಿ ಸಾವಿರಾರು ಜನ ಎಸೆಯುವಷ್ಟು ದೂರಕ್ಕೇ ಎಸೆಯುತ್ತಿದ್ದಾಗ, ಅದರಾಚೆಗಿನ ಮೀನು ತಾನಾಗಿಯೇ ಉಳಿಯುತ್ತಿತ್ತು. ಮೊಟ್ಟೆಯಿಡುವ ಹಳೆಯ ದೊಡ್ಡ ಮೀನುಗಳು ಅಲ್ಲಿ ಯಾರ ಕೈಗೂ ಸಿಗದೆ ಬದುಕುತ್ತಿದ್ದವು. ಅದಕ್ಕೆ ಯಾವ ನಿಯಮವೂ ಬೇಕಿರಲಿಲ್ಲ. ಈಗ ಆ ಗೆರೆಯನ್ನು ಕಾಗದದ ಮೇಲೆ ಎಳೆಯಬೇಕಾಗಿದೆ. ಪೂರ್ತಿ ನಿಷೇಧದ ಬದಲು ದಾರಕ್ಕೇ ಮಿತಿ ಹಾಕಬಹುದಲ್ಲ, ಇಷ್ಟು ಮೀಟರಿಗಿಂತ ಆಚೆ ಬಿಡುವಂತಿಲ್ಲ, ಒಂದೇ ಕೊಕ್ಕೆ ಅಂತ? ನನ್ನ ಮನಸ್ಸಿಗೆ ಒಪ್ಪುವುದು ಅದು. ದಡದಲ್ಲಿ ನಿಂತು ಅದನ್ನು ಅಳೆಯುವವರು ಯಾರು ಅಂದರೆ ಮಾತ್ರ ಗೊತ್ತಿಲ್ಲ.

ಹಕ್ಕಿಗಳ ವಿಷಯದಲ್ಲಿ ನನಗೆ ಎರಡನೇ ಯೋಚನೆಯೇ ಇಲ್ಲ. 2021ರಲ್ಲಿ ಕ್ಯಾಲಿಫೋರ್ನಿಯಾದ ಬೋಲ್ಸಾ ಚಿಕಾ ಎಂಬ ರಕ್ಷಿತ ಜಾಗದಲ್ಲಿ ಒಂದು ಡ್ರೋನ್ ಬಿದ್ದಿದ್ದೇ ನೆಪ, ಗೂಡು ಕಟ್ಟಿದ್ದ ಸಾವಿರಾರು ರೀವ (ಟರ್ನ್) ಎಂಬ ಕಡಲ ಹಕ್ಕಿಗಳು ಹೆದರಿ ಎದ್ದು ಹೋದವು. 1,500ಕ್ಕೂ ಹೆಚ್ಚು ಮೊಟ್ಟೆಗಳು ಅಲ್ಲೇ ಹಾಳಾದವು. ದಡದಲ್ಲಿ ಹಕ್ಕಿಗಳು ಗೂಡು ಮಾಡುವ ಕಾಲದಲ್ಲಿ ಆ ಕಡೆ ಡ್ರೋನ್ ಏರಿಸಬಾರದು, ಮೀನು ಎಷ್ಟೇ ಇರಲಿ. ಹಕ್ಕಿಗಳು ಮೀನಿನ ಮೇಲೆ ಎರಗುತ್ತಿರುವ ಜಾಗಕ್ಕೆ ಡ್ರೋನ್ ನುಗ್ಗಿಸುವುದೂ ಬೇಡ. ಅಲ್ಲಿ ಮೀನಿದೆ ಅಂತ ಹಕ್ಕಿ ಆಗಲೇ ಹೇಳಿಯಾಗಿದೆ, ಪಕ್ಕಕ್ಕೆ ಎರೆ ಬಿಟ್ಟರೆ ಸಾಕು.

ಇಷ್ಟೆಲ್ಲ ಓದಿಯೂ ಕೊಳ್ಳುತ್ತೇನೆ ಅನ್ನುವವರು ಡ್ರೋನಿನ ದುಡ್ಡು ಕೊಡುವ ಮೊದಲು ರೀಲಿನಲ್ಲಿ ಎಷ್ಟು ದಾರ ಹಿಡಿಯುತ್ತದೆ ನೋಡಿ. ಮುನ್ನೂರು ಮೀಟರಿಗೆ ಬಿಡಬೇಕಾದರೆ ಐನೂರು ಮೀಟರಾದರೂ ಇರಬೇಕು. ಕಚ್ಚಿದ ಮೀನು ಓಡುವುದು ಬಹುಪಾಲು ಆಚೆ ಕಡೆಗೇ.